ಸೇಂಟ್ ಲೂಯಿಸ್‌ಗೆ ಮಗಳನ್ನು ಕಳಿಸಬಹುದಾ? ಅಮೆರಿಕದ ಕೊಲೆಗಳ ಪಟ್ಟಿ ಓದುವ ಬಗೆ

ಪ್ರಶ್ನೆ: ನಾನು ಸಾಗರದವನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದೆ. ಮಗಳಿಗೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದಾಗ ನನ್ನ ಭಾವಮೈದ ವಾಟ್ಸಾಪಿನಲ್ಲಿ 'ಅಮೆರಿಕದ ಅಪಾಯಕಾರಿ ಊರುಗಳು' ಅಂತ ಒಂದು ಪಟ್ಟಿ ಕಳಿಸಿದ. ಮೊದಲ ಹೆಸರೇ ಸೇಂಟ್ ಲೂಯಿಸ್, ಲಕ್ಷ ಜನಕ್ಕೆ 87 ಕೊಲೆ. ಟಿವಿಯಲ್ಲಿ ಯಾವಾಗ ನೋಡಿದರೂ ಶಿಕಾಗೋ ಹೆಸರು ಕೇಳುತ್ತೇವೆ, ಆದರೆ ಪಟ್ಟಿಯಲ್ಲಿ ಅದು ಎಷ್ಟೋ ಕೆಳಗಿದೆ. ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿರುವ ಅಣ್ಣನ ಮಗ 'ಈಗ ಎಲ್ಲಾ ಕಡೆ ಕೊಲೆ ಇಳಿದುಹೋಗಿದೆ ಚಿಕ್ಕಪ್ಪ, ಹೆದರಬೇಡಿ' ಅಂತಾನೆ. ಯಾರ ಮಾತು ನಂಬಲಿ?

ಉತ್ತರ: ಮೇಷ್ಟ್ರೇ, ಮೊದಲು ಮಗಳಿಗೆ ನನ್ನ ಅಭಿನಂದನೆ ಹೇಳಿ. ನಿಮ್ಮ ಭಾವಮೈದ ಹೇಳಿದ್ದು ಸುಳ್ಳಲ್ಲ. ಅಣ್ಣನ ಮಗ ಹೇಳಿದ್ದೂ ಸುಳ್ಳಲ್ಲ. ಇಬ್ಬರ ಕೈಯಲ್ಲೂ ಸರಿಯಾದ ಅಂಕಿಯೇ ಇದೆ, ಆದರೆ ನೀವು ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ನೀವು ಗಣಿತದವರಾದ್ದರಿಂದ ನನ್ನ ಕೆಲಸ ಸುಲಭ. ಅಂಶ ಯಾವುದು, ಛೇದ ಯಾವುದು ಅಂತ ಮಕ್ಕಳಿಗೆ ಜೀವನವಿಡೀ ಕೇಳಿದ್ದೀರಿ. ಈ ಪಟ್ಟಿಗೂ ಅದನ್ನೇ ಕೇಳೋಣ.

87 ಅನ್ನೋದು 2020ರ ಲೆಕ್ಕ. ಆ ವರ್ಷ ಸೇಂಟ್ ಲೂಯಿಸ್‌ನಲ್ಲಿ 263 ಕೊಲೆಗಳಾದವು. ಅದೇ ವರ್ಷದ ಜನಗಣತಿಯಲ್ಲಿ ಊರಿನ ಜನಸಂಖ್ಯೆ 3,01,578. ಭಾಗಿಸಿ, ಲಕ್ಷದಿಂದ ಗುಣಿಸಿ ನೋಡಿ, 87 ಬಂತಲ್ವಾ? ಅಮೆರಿಕದವರು 'ಒಂದು ನೂರು ಸಾವಿರಕ್ಕೆ ಇಷ್ಟು' ಅಂತ ಬರೆಯುತ್ತಾರೆ, ಅದು ನಮ್ಮ ಒಂದು ಲಕ್ಷವೇ. ಹಾಗಾಗಿ ಅವರ ದರಗಳನ್ನು ನಾವು ಲೆಕ್ಕ ಬದಲಿಸದೆ ಹಾಗೇ ಓದಬಹುದು. 2024ರಲ್ಲಿ ಅದೇ ಊರಿನಲ್ಲಿ ಆದ ಕೊಲೆಗಳು 150. ಅಂದರೆ ನಾಲ್ಕು ವರ್ಷದಲ್ಲಿ 113 ಕಡಿಮೆ. ಭಾವಮೈದ ಕಳಿಸಿದ ಪಟ್ಟಿಯಲ್ಲಿ ವರ್ಷ ಬರೆದಿತ್ತಾ? ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ವರ್ಷ ಹಾಕಿದರೆ ಪಟ್ಟಿ ಹಳಸುತ್ತದೆ, ಹಾಕದಿದ್ದರೆ ವರ್ಷಾನುಗಟ್ಟಲೆ ವಾಟ್ಸಾಪಿನಲ್ಲಿ ಓಡಾಡಿಕೊಂಡಿರುತ್ತದೆ.

ಅಂಶದ ಕಥೆ ಇಷ್ಟಾಯಿತು. ನಿಜವಾದ ಮಜಾ ಇರುವುದು ಛೇದದಲ್ಲಿ.

ಸೇಂಟ್ ಲೂಯಿಸ್ ಅಂದರೆ ಯಾವ ಸೇಂಟ್ ಲೂಯಿಸ್? ಆ ಹೆಸರಿನ ಒಂದು ನಗರ ಇದೆ, ಅದೇ ಹೆಸರಿನ ಒಂದು ಕೌಂಟಿಯೂ ಇದೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ ನಗರ ಕೌಂಟಿಯ ಒಳಗೆ ಇರುತ್ತದೆ. ಆದರೆ ಇಲ್ಲಿ 1876ರಲ್ಲಿ ನಗರದವರು ಕೌಂಟಿಯಿಂದ ಪಾಲು ಮಾಡಿಕೊಂಡು ಹೊರಬಂದರು. ನಮ್ಮ ತೆರಿಗೆ ದುಡ್ಡು ಹಳ್ಳಿ ಕಡೆಗೆ ಯಾಕೆ ಹೋಗಬೇಕು ಅನ್ನೋದು ಆಗಿನ ವಾದ. ಅಂದು ಹಾಕಿಕೊಂಡ ಗಡಿಯೇ ಇಂದಿಗೂ ಇದೆ, ಒಂದು ಇಂಚು ಬೆಳೆದಿಲ್ಲ. ಒಳಗಿರುವ ನೆಲ ಸುಮಾರು 160 ಚದರ ಕಿಲೋಮೀಟರ್. 1950ರಲ್ಲಿ ಆ ಗಡಿಯೊಳಗೆ 8 ಲಕ್ಷ 56 ಸಾವಿರ ಜನ ಇದ್ದರು. ಆಮೇಲೆ ದುಡ್ಡಿದ್ದವರು, ಅದರಲ್ಲೂ ಬಿಳಿಯರು, ಗಡಿ ದಾಟಿ ಕೌಂಟಿ ಕಡೆಗೆ ಮನೆ ಕಟ್ಟಿಕೊಂಡು ಹೋದರು. ಅವರ ಹಿಂದೆ ಅಂಗಡಿ, ಕೆಲಸ, ಶಾಲೆ ಎಲ್ಲಾ ಹೋಯಿತು. ಈಗ ನಗರದಲ್ಲಿ ಉಳಿದಿರುವವರು 3 ಲಕ್ಷಕ್ಕಿಂತ ಕಡಿಮೆ. ಇಡೀ ಮಹಾನಗರ ಪ್ರದೇಶದಲ್ಲಿ 28 ಲಕ್ಷದಷ್ಟು ಜನ ಇದ್ದಾರೆ.

ಅಂದರೆ ಪಟ್ಟಿ ಮಾಡುವವರು ಹತ್ತು ಜನರಲ್ಲಿ ಒಬ್ಬರನ್ನು ಮಾತ್ರ ಛೇದದಲ್ಲಿ ಇಟ್ಟುಕೊಂಡಿದ್ದಾರೆ. ಅದೂ ಬಡತನ ಹೆಚ್ಚಿರುವ, ಖಾಲಿ ಮನೆ ಹೆಚ್ಚಿರುವ ಭಾಗದವರನ್ನು. 2020ರ ಲೆಕ್ಕಕ್ಕೆ ಬರೀ ಪಕ್ಕದ ಕೌಂಟಿಯ 10 ಲಕ್ಷ ಜನರನ್ನು ಸೇರಿಸಿ ನೋಡಿ. ಕೌಂಟಿಯಲ್ಲೂ ಕೊಲೆಗಳಾಗುತ್ತವೆ, ಅವನ್ನೂ ಮೇಲೆ ಸೇರಿಸಬೇಕು, ಆದರೂ ದರ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಯಾರೂ ಬದುಕಿ ಬರಲಿಲ್ಲ, ಒಂದು ಗೆರೆ ಅಳಿಸಿದೆವು ಅಷ್ಟೇ. 2019ರಲ್ಲಿ ನಗರ ಮತ್ತು ಕೌಂಟಿಯನ್ನು ಮತ್ತೆ ಒಂದು ಮಾಡುವ ಪ್ರಸ್ತಾವ ಬಂದಿತ್ತು. ಜೋರಾಗಿ ಜಗಳವಾಗಿ ಕೆಲವೇ ತಿಂಗಳಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಅದು ಆಗಿಬಿಟ್ಟಿದ್ದರೆ ನಿಮ್ಮ ಭಾವಮೈದನ ಪಟ್ಟಿಯಲ್ಲಿ ಮೊದಲ ಸ್ಥಾನ ಬೇರೆ ಯಾವುದೋ ಊರಿಗೆ ಹೋಗಿರುತ್ತಿತ್ತು. (2014ರಲ್ಲಿ ಗಲಾಟೆಯಾಗಿ ಜಗತ್ತಿಗೆಲ್ಲ ಹೆಸರು ಗೊತ್ತಾದ ಫರ್ಗುಸನ್ ಇದೆಯಲ್ಲ, ಅದು ಸೇಂಟ್ ಲೂಯಿಸ್ ನಗರದಲ್ಲಿಲ್ಲ. ಕೌಂಟಿಯಲ್ಲಿರುವ 80ಕ್ಕೂ ಹೆಚ್ಚು ಪುಟ್ಟ ಪುರಸಭೆಗಳಲ್ಲಿ ಅದೊಂದು.)

ಈಗ ಇದಕ್ಕೆ ತದ್ವಿರುದ್ಧ ಊರು ನೋಡಿ. ಫ್ಲಾರಿಡಾದ ಜಾಕ್ಸನ್‌ವಿಲ್ 1968ರಲ್ಲಿ ತನ್ನ ಸುತ್ತಲಿನ ಡುವಾಲ್ ಕೌಂಟಿಯ ಜೊತೆ ಸೇರಿ ಒಂದಾಯಿತು. ಅದರ ನೆಲ 1,900 ಚದರ ಕಿಲೋಮೀಟರಿಗಿಂತ ಜಾಸ್ತಿ, ಅಂದರೆ ಸೇಂಟ್ ಲೂಯಿಸ್‌ನಂಥ ಹನ್ನೆರಡು ಊರು ಹಿಡಿಸುತ್ತವೆ. ನಡು ಊರಿನ ಬಡ ಬೀದಿಗಳೂ, ಸಮುದ್ರದ ಕಡೆಯ ಶ್ರೀಮಂತ ಬಡಾವಣೆಗಳೂ, ಕಾಡಿನ ಅಂಚಿನ ಮನೆಗಳೂ ಎಲ್ಲಾ ಒಂದೇ ಛೇದದಲ್ಲಿ. ಈ ಎರಡು ಊರಿನ ದರಗಳನ್ನು ಅಕ್ಕಪಕ್ಕ ಇಟ್ಟು 'ಇದಕ್ಕಿಂತ ಅದು ಆರು ಪಟ್ಟು ಅಪಾಯ' ಅಂದರೆ, ಒಬ್ಬನ ಬಾಯಿಯೊಳಗೆ ಥರ್ಮಾಮೀಟರ್ ಇಟ್ಟು, ಇನ್ನೊಬ್ಬನ ಅಂಗಿ ಮೇಲೆ ಇಟ್ಟು, ಯಾರಿಗೆ ಜ್ವರ ಜಾಸ್ತಿ ಅಂತ ಹೇಳಿದ ಹಾಗೆ. ಊರುಗಳನ್ನು ಹೀಗೆ ಸಾಲು ನಿಲ್ಲಿಸಬೇಡಿ ಅಂತ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ತಾನೇ ಎಷ್ಟೋ ವರ್ಷದಿಂದ ತನ್ನ ಅಂಕಿಗಳ ಜೊತೆಗೇ ಎಚ್ಚರಿಕೆ ಬರೆದು ಹಾಕುತ್ತಾ ಬಂದಿದೆ. ಯಾರೂ ಓದುವುದಿಲ್ಲ.

ಜನಸಂಖ್ಯೆಯಲ್ಲಿ ನಾನೇ ಒಮ್ಮೆ ಎಡವಿದ್ದೇನೆ, ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನ್ಯೂ ಆರ್ಲಿಯನ್ಸ್ ಊರಿನ 2006ರ ದರ ಮಾಡಿಕೊಟ್ಟಿದ್ದೆ. ಕೊಲೆಗಳು 160ರ ಆಸುಪಾಸು. ಜನಸಂಖ್ಯೆಗೆ ಕೈಗೆ ಸಿಕ್ಕ 2000ನೇ ಇಸವಿಯ ಜನಗಣತಿ ಹಾಕಿದೆ, 4 ಲಕ್ಷ 84 ಸಾವಿರ. ದರ ಲಕ್ಷಕ್ಕೆ 33 ಬಂತು. ಪರವಾಗಿಲ್ವೇ, ಊರು ಸುಧಾರಿಸಿದೆ ಅಂತ ಒಂದು ಸಾಲು ಷರಾ ಕೂಡ ಬರೆದಿದ್ದೆ. ಮೇಲಿನವರು ಅದನ್ನು ನೋಡಿ 'ಕತ್ರೀನಾ ಚಂಡಮಾರುತ ಬಂದಿದ್ದು ಗೊತ್ತಿಲ್ವೇನಪ್ಪಾ?' ಅಂದರು. 2005ರ ಆಗಸ್ಟಿನಲ್ಲಿ ಊರೇ ಮುಳುಗಿ ಜನ ಚದುರಿಹೋಗಿದ್ದರು. 2006ರ ಮಧ್ಯದಲ್ಲಿ ಅಲ್ಲಿದ್ದವರು 2 ಲಕ್ಷ 20 ಸಾವಿರದ ಹತ್ತಿರ, ವರ್ಷದ ಶುರುವಿನಲ್ಲಿ ಇನ್ನೂ ಕಡಿಮೆ. ಸರಿಯಾದ ಛೇದ ಹಾಕಿದಾಗ ದರ 70 ದಾಟಿತು. ಅವತ್ತಿನಿಂದ ಯಾರು ಕೊಲೆ ದರ ತೋರಿಸಿದರೂ ನಾನು ಮೊದಲು ಕೆಳಗಿನ ಸಂಖ್ಯೆ ಎಲ್ಲಿಂದ ತಂದಿರಿ ಅಂತ ಕೇಳುತ್ತೇನೆ.

ಶಿಕಾಗೋ ವಿಷಯಕ್ಕೆ ಬರೋಣ. ಟಿವಿಯವರು ತೋರಿಸುವುದು ಒಟ್ಟು ಸಂಖ್ಯೆ. 2021ರಲ್ಲಿ ಶಿಕಾಗೋದಲ್ಲಿ ಸುಮಾರು 800 ಕೊಲೆಗಳಾದವು, ಆ ವರ್ಷ ಅಮೆರಿಕದ ಬೇರೆ ಯಾವ ಊರಿನಲ್ಲೂ ಅಷ್ಟಾಗಲಿಲ್ಲ. ಆದರೆ ಅಲ್ಲಿನ ಜನ 27 ಲಕ್ಷ. ದರ 30ರ ಹತ್ತಿರ. ಅದೇ ಹೊತ್ತಿಗೆ ಸೇಂಟ್ ಲೂಯಿಸ್, ಬಾಲ್ಟಿಮೋರ್, ನ್ಯೂ ಆರ್ಲಿಯನ್ಸ್‌ನಲ್ಲಿ ದರ 50ರ ಮೇಲಿತ್ತು. ಅಲ್ಲಿಗೆ ಶಿಕಾಗೋ ಪಾಪ, ಸುಮ್ನೆ ಕೆಟ್ಟ ಹೆಸರು ಬಂದಿದೆ ಅಂತ ಹೇಳಿಬಿಡಬಹುದಾ? ಅದೂ ಆಗಲ್ಲ. ಅಳತೆಯಲ್ಲಿ ಅದರ ಜೊತೆ ಇಡಬಹುದಾದ ಊರು ನ್ಯೂಯಾರ್ಕ್. ಅಲ್ಲಿ 85 ಲಕ್ಷ ಜನ, 2021ರಲ್ಲಿ ಕೊಲೆಗಳು 488. ದರ 6ಕ್ಕಿಂತ ಕಡಿಮೆ. ಎರಡೂ ದೊಡ್ಡ ಊರುಗಳು, ಎರಡರ ಗಡಿಯೊಳಗೂ ಬಡವರೂ ಇದ್ದಾರೆ, ಶ್ರೀಮಂತರೂ ಇದ್ದಾರೆ. ಹಾಗಾಗಿ ಇದು ತಕ್ಕಮಟ್ಟಿಗೆ ನ್ಯಾಯವಾದ ಹೋಲಿಕೆ, ಮತ್ತು ಇಲ್ಲಿ ಶಿಕಾಗೋಗೆ ಉತ್ತರ ಹೇಳುವುದು ಕಷ್ಟ. ಹೋಲಿಸಲೇಬೇಡಿ ಅನ್ನುವ ಪಂಡಿತರ ಜೊತೆ ನಾನಿಲ್ಲ. ಯಾವುದನ್ನು ಯಾವುದರ ಜೊತೆ ಅಂತ ನೋಡಿ ಹೋಲಿಸಿ ಅಂತೀನಿ.

ಇನ್ನು 'ಕೊಲೆ' ಅಂತ ಯಾವುದನ್ನು ಎಣಿಸುತ್ತಾರೆ? ಪೊಲೀಸರ ಲೆಕ್ಕ ಒಂದು, ಡಾಕ್ಟರ ಲೆಕ್ಕ ಇನ್ನೊಂದು. ಎಫ್‌ಬಿಐ 1930ರಿಂದ ಊರೂರಿನ ಪೊಲೀಸರಿಂದ ಅಂಕಿ ಒಟ್ಟುಮಾಡುತ್ತಿದೆ. ಅದರಲ್ಲಿ ಬೇಕಂತಲೇ ಮಾಡಿದ ಕೊಲೆ ಮಾತ್ರ ಬರುತ್ತದೆ, ಆತ್ಮರಕ್ಷಣೆಗೆ ಕೊಂದಿದ್ದು, ಕೈತಪ್ಪಿ ಆದ ಸಾವು ಬರುವುದಿಲ್ಲ. ಆರೋಗ್ಯ ಇಲಾಖೆಯ ಸಿಡಿಸಿ ಮರಣ ಪ್ರಮಾಣಪತ್ರಗಳಿಂದ ಎಣಿಸುತ್ತದೆ. ಅಲ್ಲಿ ಒಬ್ಬರು ಬೇಕಂತಲೇ ಮಾಡಿದ ಹಲ್ಲೆಯಿಂದ ಇನ್ನೊಬ್ಬರು ಸತ್ತರೆ ಸಾಕು, ತಪ್ಪು ಯಾರದು ಅನ್ನೋ ಪ್ರಶ್ನೆ ಇಲ್ಲ. ಹಾಗಾಗಿ ಡಾಕ್ಟರ ಸಂಖ್ಯೆ ಯಾವಾಗಲೂ ಸ್ವಲ್ಪ ದೊಡ್ಡದು. 2020ಕ್ಕೆ ಎಫ್‌ಬಿಐ ಅಂದಾಜು 21 ಸಾವಿರ ಚಿಲ್ಲರೆ, ಸಿಡಿಸಿಯದು 24 ಸಾವಿರ ಚಿಲ್ಲರೆ. ಒಂದು ಊರಿಗೆ ಇದನ್ನು, ಇನ್ನೊಂದು ಊರಿಗೆ ಅದನ್ನು ಬಳಸಿದ ಪಟ್ಟಿಗಳನ್ನು ನೋಡಿದ್ದೇನೆ.

ಇನ್ನೂ ವಿಚಿತ್ರಗಳಿವೆ. ಶಿಕಾಗೋ ಊರಿನೊಳಗೇ ಹಾದುಹೋಗುವ ಎಕ್ಸ್‌ಪ್ರೆಸ್‌ವೇ ಮೇಲೆ ಗುಂಡು ಹಾರಿ ಸತ್ತರೆ ಅದು ಶಿಕಾಗೋ ಪೊಲೀಸರ ಲೆಕ್ಕಕ್ಕೆ ಬರುವುದಿಲ್ಲ, ಆ ರಸ್ತೆ ಇಲಿನಾಯ್ ರಾಜ್ಯ ಪೊಲೀಸರದು. ನ್ಯೂಯಾರ್ಕಿನ 2001ರ ಕೊಲೆಗಳ ಸಂಖ್ಯೆಯಲ್ಲಿ ಸೆಪ್ಟೆಂಬರ್ 11ರ ಸಾವುಗಳು ಇಲ್ಲ, ಎಫ್‌ಬಿಐ ಅವನ್ನು ಬೇರೆ ಇಟ್ಟಿತು. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡಿನ ದಾಳಿ ಆದಾಗ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಪೆಟ್ಟಾಗಿತ್ತು. ಅವರು ತೀರಿಕೊಂಡಿದ್ದು 2014ರಲ್ಲಿ. 33 ವರ್ಷದ ಮೇಲೆ ವೈದ್ಯಾಧಿಕಾರಿ ಇದು ಆ ಗುಂಡೇಟಿನಿಂದ ಆದ ಸಾವು, ಕೊಲೆ ಅಂತ ಬರೆದರು. ಇಂಥವು ವರ್ಷಕ್ಕೆ ಬೆರಳೆಣಿಕೆಯಷ್ಟು ಇರುತ್ತವೆ, ದೊಡ್ಡ ಊರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ, ಚಿಕ್ಕ ಊರಿನ ಶೇಕಡಾವಾರನ್ನು ಮಾತ್ರ ಅಲ್ಲಾಡಿಸುತ್ತವೆ.

ಇಷ್ಟೆಲ್ಲ ತಕರಾರು ಹೇಳಿದರೂ, ಅಪರಾಧಗಳಲ್ಲಿ ಸರಿಯಾಗಿ ಎಣಿಕೆಯಾಗುವುದು ಅಂತ ಇದ್ದರೆ ಅದು ಕೊಲೆಯೇ. ಹೆಣವನ್ನು ಬಚ್ಚಿಡುವುದು ಕಷ್ಟ. ಮಿಕ್ಕ ಹಿಂಸೆಯ ಲೆಕ್ಕ ಹಾಗಲ್ಲ. ಎಫ್‌ಬಿಐ ಹೇಳುವ 'ಹಿಂಸಾತ್ಮಕ ಅಪರಾಧ'ದಲ್ಲಿ ನಾಲ್ಕು ಸೇರುತ್ತವೆ: ಕೊಲೆ, ಅತ್ಯಾಚಾರ, ದರೋಡೆ, ಮತ್ತೆ ಗಂಭೀರ ಹಲ್ಲೆ. ಒಟ್ಟಿನಲ್ಲಿ ದೊಡ್ಡ ಪಾಲು ಹಲ್ಲೆಯದು. ಯಾವ ಹಲ್ಲೆ ಗಂಭೀರ, ಯಾವುದು ಸಣ್ಣದು ಅಂತ ತೀರ್ಮಾನಿಸುವುದು ರಿಪೋರ್ಟ್ ಬರೆಯುವ ಪೊಲೀಸ್. ಲಾಸ್ ಏಂಜಲೀಸ್‌ನಲ್ಲಿ ಗಂಭೀರ ಹಲ್ಲೆಗಳನ್ನು ಸಣ್ಣ ಹಲ್ಲೆ ಅಂತ ಬರೆದುಕೊಂಡಿದ್ದು 2014ರಲ್ಲಿ ಅಲ್ಲಿನ ಪತ್ರಿಕೆಯ ತನಿಖೆಯಿಂದ ಹೊರಬಿತ್ತು. ಅತ್ಯಾಚಾರದ ವ್ಯಾಖ್ಯೆಯನ್ನು 2013ರಿಂದ ವಿಸ್ತರಿಸಿದರು, ಆದ್ದರಿಂದ ಅದರ ಹಿಂದಿನ ಅಂಕಿ ಮುಂದಿನ ಅಂಕಿ ಒಂದೇ ಗೆರೆಯಲ್ಲಿ ಎಳೆಯುವ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಜನ ಪೊಲೀಸರಿಗೆ ಹೇಳುವುದೇ ಇಲ್ಲ. 1973ರಿಂದ ಅಲ್ಲಿನ ಸರ್ಕಾರ ಮನೆಮನೆಗೆ ಹೋಗಿ 'ನಿಮ್ಮ ಮೇಲೆ ಏನಾದರೂ ಅಪರಾಧ ನಡೆದಿತ್ತಾ' ಅಂತ ಕೇಳುವ ಸಮೀಕ್ಷೆ ಮಾಡುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಅದು ಹೇಳುವ ಪ್ರಕಾರ ಹಿಂಸೆಯ ಘಟನೆಗಳಲ್ಲಿ ಅರ್ಧಕ್ಕೂ ಕಡಿಮೆ ಪೊಲೀಸರವರೆಗೆ ಹೋಗುತ್ತವೆ. ಪೊಲೀಸರ ಮೇಲೆ ನಂಬಿಕೆ ಇರುವ ಊರಿನಲ್ಲಿ ದೂರು ಜಾಸ್ತಿ, ಕಾಗದದ ಮೇಲೆ ಅಪರಾಧವೂ ಜಾಸ್ತಿ. ಹಾಗಾಗಿ 'ಹಿಂಸಾತ್ಮಕ ಅಪರಾಧದಲ್ಲಿ ನಂಬರ್ ಒನ್' ಅನ್ನೋ ಪಟ್ಟಿ ಬಂದರೆ ನಾನಂತೂ ತೆರೆದು ನೋಡುವುದೇ ಇಲ್ಲ.

ಕೊಲೆಯಲ್ಲೂ ಒಂದು ಮಾತು ನೆನಪಿಡಬೇಕು. ಗುಂಡು ತಗುಲಿದವರೆಲ್ಲ ಸಾಯುವುದಿಲ್ಲ. ಆಸ್ಪತ್ರೆ ಎಷ್ಟು ದೂರ ಅನ್ನೋದರ ಮೇಲೆ ಒಂದು ಘಟನೆ ಕೊಲೆಯೋ ಹಲ್ಲೆಯೋ ಅಂತ ತೀರ್ಮಾನ ಆಗಬಹುದು. ಶಿಕಾಗೋದ ದಕ್ಷಿಣ ಭಾಗದಲ್ಲಿ ಯೂನಿವರ್ಸಿಟಿ ಆಸ್ಪತ್ರೆ ದೊಡ್ಡವರಿಗಾಗಿ ಇದ್ದ ಟ್ರಾಮಾ ಸೆಂಟರ್ ಅನ್ನು (ಗಂಭೀರವಾಗಿ ಗಾಯಗೊಂಡವರಿಗೆ ತಕ್ಷಣ ಚಿಕಿತ್ಸೆ ಕೊಡುವ ವಿಭಾಗ) 1988ರಲ್ಲಿ ಮುಚ್ಚಿತ್ತು. ಮತ್ತೆ ತೆರೆದಿದ್ದು 2018ರಲ್ಲಿ, ಅದೂ ಅಲ್ಲಿನ ಹುಡುಗರು ವರ್ಷಗಟ್ಟಲೆ ಹೋರಾಟ ಮಾಡಿದ ಮೇಲೆ. ಅದಕ್ಕೇ ಈ ಕ್ಷೇತ್ರದವರು ಈಗ ಕೊಲೆ ಜೊತೆಗೆ ಗುಂಡೇಟು ತಿಂದವರ ಒಟ್ಟು ಸಂಖ್ಯೆಯನ್ನೂ ನೋಡುತ್ತಾರೆ.

ಅಣ್ಣನ ಮಗನ ಮಾತಿಗೆ ಬರುತ್ತೇನೆ. ಒಂದು ಊರನ್ನು ಇನ್ನೊಂದು ಊರಿನ ಜೊತೆ ಇಡುವುದಕ್ಕಿಂತ ಆ ಊರನ್ನು ಅದರದೇ ನಿನ್ನೆಯ ಜೊತೆ ಇಡುವುದು ಎಷ್ಟೋ ಮೇಲು. ಗಡಿ ಅದೇ, ಪೊಲೀಸರು ಅವರೇ, ಎಣಿಸುವ ರೀತಿಯೂ ಅದೇ. ಹಾಗೆ ನೋಡಿದಾಗ ಕಾಣುವ ಚಿತ್ರ ಮಾತ್ರ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ನ್ಯೂಯಾರ್ಕಿನಲ್ಲಿ 1990ರಲ್ಲಿ 2,200ಕ್ಕೂ ಹೆಚ್ಚು ಕೊಲೆಗಳು. 2017ರಲ್ಲಿ 292. ಒಂದೇ ತಲೆಮಾರಿನಲ್ಲಿ ಎಂಟರಲ್ಲಿ ಏಳು ಪಾಲು ಮಾಯ. 1980ರ ದಶಕದ ಮಧ್ಯದಲ್ಲಿ ಕ್ರ್ಯಾಕ್ ಅನ್ನೋ ಸೇದುವ ಅಗ್ಗದ ಕೊಕೇನ್ ಬಂತು, ಬೀದಿಯಲ್ಲಿ ಮಾರುವ ಹುಡುಗರ ಕೈಗೆ ಪಿಸ್ತೂಲು ಬಂತು, ಇಡೀ ದೇಶದಲ್ಲಿ ಕೊಲೆ ಏರಿತು. 1991ರಲ್ಲಿ ದೇಶದ ದರ ಲಕ್ಷಕ್ಕೆ 10ರ ಹತ್ತಿರ ಹೋಗಿತ್ತು. ಆಮೇಲೆ ಇಳಿಯುತ್ತಾ ಬಂದು 2014ರಲ್ಲಿ 4.5ರ ಆಸುಪಾಸು ನಿಂತಿತು. ಯಾಕೆ ಇಳಿಯಿತು ಅಂತ ಪುಸ್ತಕದ ಮೇಲೆ ಪುಸ್ತಕ ಬಂದಿವೆ. ಪೊಲೀಸ್ ಜಾಸ್ತಿ ಆದರು ಅನ್ನುವವರು, ಜೈಲು ತುಂಬಿಸಿದರು ಅನ್ನುವವರು, ಕ್ರ್ಯಾಕ್ ಹುಚ್ಚು ತಾನಾಗೇ ತಣ್ಣಗಾಯಿತು ಅನ್ನುವವರು, ಪೆಟ್ರೋಲಿನಲ್ಲಿದ್ದ ಸೀಸ ತೆಗೆದಿದ್ದೇ ಕಾರಣ ಅನ್ನುವವರು, ಎಲ್ಲರೂ ಇದ್ದಾರೆ. ಒಂದೇ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ. ಬೇರೆ ಬೇರೆ ನೀತಿಯ ಊರುಗಳಲ್ಲಿ ಒಟ್ಟಿಗೇ ಇಳಿದಿದೆ.

2020ರಲ್ಲೂ ಹಾಗೇ, ಎಲ್ಲಾ ಕಡೆ ಒಟ್ಟಿಗೇ ಏರಿತು. ಒಂದೇ ವರ್ಷದಲ್ಲಿ ದೇಶದಲ್ಲಿ ಕೊಲೆಗಳು ಶೇ. 30ರ ಹತ್ತಿರ ಜಾಸ್ತಿಯಾದವು. ಎಣಿಕೆ ಶುರುವಾದಾಗಿಂದ ಒಂದೇ ವರ್ಷದಲ್ಲಿ ಅಷ್ಟು ಏರಿದ್ದು ಇಲ್ಲವೇ ಇಲ್ಲ. ಕೋವಿಡ್‌ನಿಂದ ಶಾಲೆ, ಆಟದ ಮೈದಾನ, ಸಮಾಜಸೇವೆಯ ಕೆಲಸ ಎಲ್ಲಾ ಬಂದ್ ಆಗಿತ್ತು. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಒಬ್ಬ ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದ ಮೇಲೆ ಪೊಲೀಸರಿಗೂ ಜನರಿಗೂ ಇದ್ದ ಅಲ್ಪಸ್ವಲ್ಪ ನಂಬಿಕೆಯೂ ಮುರಿಯಿತು. ಬಂದೂಕು ಮಾರಾಟ ದಾಖಲೆ ಮುಟ್ಟಿತು. ಈ ಮೂರರಲ್ಲಿ ಯಾವುದಕ್ಕೆ ಎಷ್ಟು ಪಾಲು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಟಿವಿಯಲ್ಲಿ ಇದನ್ನು ಡೆಮಾಕ್ರಟ್ ಪಕ್ಷ ಆಳುವ ಊರುಗಳ ರೋಗ ಅಂತ ತೋರಿಸಿದರು. ಆದರೆ ರಿಪಬ್ಲಿಕನ್ ರಾಜ್ಯಗಳಲ್ಲೂ, ಹಳ್ಳಿಗಾಡಿನಲ್ಲೂ ಏರಿಕೆ ಆಗಿತ್ತು.

ಆಮೇಲೆ ಇಳಿದಿದ್ದು ಏರಿದಷ್ಟೇ ಜೋರಾಗಿ. ಫಿಲಡೆಲ್ಫಿಯಾದಲ್ಲಿ 2021ರಲ್ಲಿ 562, ಆ ಊರಿನ ಇತಿಹಾಸದಲ್ಲೇ ಹೆಚ್ಚು. 2024ರಲ್ಲಿ 269. ಬಾಲ್ಟಿಮೋರ್ 2015ರಿಂದ 2022ರವರೆಗೆ ಪ್ರತಿ ವರ್ಷ 300ರ ಮೇಲೆಯೇ ಇತ್ತು, 2024ರಲ್ಲಿ 201ಕ್ಕೆ ಬಂತು. ಡೆಟ್ರಾಯಿಟ್ 2023ರಲ್ಲಿ 252 ಕಂಡಾಗಲೇ 1966ರ ನಂತರದ ಕನಿಷ್ಠ ಅಂದರು, ಮರುವರ್ಷ 203. (ಇಲ್ಲೂ ಛೇದ ಮರೆಯಬೇಡಿ ಮೇಷ್ಟ್ರೇ, 1960ರ ದಶಕದಲ್ಲಿ ಡೆಟ್ರಾಯಿಟ್‌ನಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಇದ್ದರು, ಈಗ 6 ಲಕ್ಷ ಚಿಲ್ಲರೆ. ಸಂಖ್ಯೆ ಕನಿಷ್ಠವಾದರೂ ದರ ಅಲ್ಲ.) ಶಿಕಾಗೋ 2024ರಲ್ಲಿ 573. ವಾಷಿಂಗ್ಟನ್ ಡಿ.ಸಿ. ಮಾತ್ರ ಹಟ ಮಾಡಿತು, ಬೇರೆ ಕಡೆ ಇಳಿಯುತ್ತಿದ್ದಾಗ 2023ರಲ್ಲಿ ಅದು 274ಕ್ಕೆ ಏರಿತು, ಮರುವರ್ಷ 187ಕ್ಕೆ ಬಂತು. ಇಡೀ ದೇಶದ ಕೊಲೆಗಳು 2024ರಲ್ಲಿ ಶೇ. 15ರಷ್ಟು ಇಳಿದು ದರ ಲಕ್ಷಕ್ಕೆ 5ಕ್ಕೆ ಬಂದಿದೆ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) 2022ಕ್ಕೆ ಕೊಟ್ಟ ಭಾರತದ ದರ 2.1. ಹಾಗಾಗಿ ಇಳಿದ ಮೇಲೂ ಅದು ನಮ್ಮ ಎರಡು ಪಟ್ಟು ಇದೆ. ಅಲ್ಲಿನ ಕೊಲೆಗಳಲ್ಲಿ ನಾಲ್ಕರಲ್ಲಿ ಮೂರು ಬಂದೂಕಿನಿಂದ ಆಗುತ್ತವೆ ಅಂದರೆ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

2021ರ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ಆ ವರ್ಷದ ಜನವರಿಯಿಂದ ಎಫ್‌ಬಿಐ ಹಳೆ ಪದ್ಧತಿ ಬಿಟ್ಟು ಹೊಸ ಪದ್ಧತಿಯಲ್ಲೇ ಅಂಕಿ ಕೊಡಿ ಅಂತ ಹಟ ಹಿಡಿಯಿತು. ನ್ಯೂಯಾರ್ಕ್, ಲಾಸ್ ಏಂಜಲೀಸ್ ಪೊಲೀಸರೇ ಕೊಡಲಿಲ್ಲ. ದೇಶದ ಎರಡು ಅತಿ ದೊಡ್ಡ ಊರುಗಳೇ ಇಲ್ಲದ ದೇಶದ ಲೆಕ್ಕ! ಆ ವರ್ಷದ ಎಫ್‌ಬಿಐ ಅಂಕಿ ಇಟ್ಟುಕೊಂಡು ಊರುಗಳ ಪಟ್ಟಿ ಮಾಡಿದವರು ಎಷ್ಟೋ ಜನ. ಒಂದು ಊರಿನ ಹೆಸರು ಪಟ್ಟಿಯಲ್ಲಿ ಇಲ್ಲ ಅಂದರೆ ಅದು ಸುರಕ್ಷಿತ ಅಂತಲ್ಲ, ಅಂಕಿ ಕೊಟ್ಟಿಲ್ಲ ಅಂತಲೂ ಇರಬಹುದು.

ಶೇಕಡಾವಾರುಗಳ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಆದರೂ ಭಾವಮೈದನಿಗಾಗಿ ಹೇಳುತ್ತೇನೆ. ಬಾಸ್ಟನ್‌ನಲ್ಲಿ 2024ರಲ್ಲಿ ಆದ ಕೊಲೆಗಳು 24. ವರ್ಷಕ್ಕೆ ಸರಾಸರಿ 25 ಕೊಲೆಯಾಗುವ ಊರಿನಲ್ಲಿ ಏನೂ ಬದಲಾಗದೆಯೂ, ಬರೀ ಆಕಸ್ಮಿಕವಾಗಿ, ಒಂದು ವರ್ಷ 17 ಬರಬಹುದು, ಇನ್ನೊಂದು ವರ್ಷ 33 ಬರಬಹುದು. ಮೊದಲನೆಯದರಿಂದ ಎರಡನೆಯದಕ್ಕೆ ಲೆಕ್ಕ ಹಾಕಿದರೆ 'ಕೊಲೆ ಶೇ. 94 ಏರಿಕೆ' ಅಂತ ತಲೆಬರಹ ಸಿದ್ಧ. ಟೆಕ್ಸಾಸಿನ ಎಲ್ ಪಾಸೊ ವರ್ಷಗಳಿಂದ ದೊಡ್ಡ ಊರುಗಳಲ್ಲಿ ಅತ್ಯಂತ ಶಾಂತ ಊರುಗಳ ಸಾಲಿನಲ್ಲಿತ್ತು. 2019ರ ಆಗಸ್ಟಿನಲ್ಲಿ ಒಬ್ಬ ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದು ಅಲ್ಲಿನ ವಾಲ್‌ಮಾರ್ಟ್‌ನಲ್ಲಿ 23 ಜನರನ್ನು ಕೊಂದ. ಆ ವರ್ಷದ ಎಲ್ ಪಾಸೊ ದರ ನೋಡಿ ಆ ಊರಿನ ಜನ ಹೀಗೆ ಅಂತ ಹೇಳಲಾಗುತ್ತದಾ? ಇನ್ನೊಂದು, ಬೇಸಿಗೆಯಲ್ಲಿ ಕೊಲೆ ಜಾಸ್ತಿ, ಚಳಿಗಾಲದಲ್ಲಿ ಕಡಿಮೆ. ಜುಲೈ ತಿಂಗಳನ್ನು ಫೆಬ್ರವರಿ ಜೊತೆ ಹೋಲಿಸಿ ಕೂಗಾಡುವವರನ್ನು ನಂಬಬೇಡಿ. ಹೋದ ವರ್ಷದ ಇದೇ ದಿನದವರೆಗಿನ ಸಂಖ್ಯೆ ಕೇಳಿ.

ಇಷ್ಟು ಹೇಳಿದ್ದು ಊರು ಅಂತ ಒಂದು ಇದೆ ಅಂದುಕೊಂಡು. ನಿಜದಲ್ಲಿ ಕೊಲೆ ಆಗುವುದು ಊರಿನಲ್ಲಲ್ಲ, ಕೆಲವು ಬೀದಿಗಳಲ್ಲಿ. ಬಾಸ್ಟನ್‌ನಲ್ಲಿ 1980ರಿಂದ 2008ರವರೆಗಿನ ಗುಂಡಿನ ಘಟನೆಗಳನ್ನು ಒಂದೊಂದಾಗಿ ನಕ್ಷೆಯ ಮೇಲೆ ಇಟ್ಟು ನೋಡಿದ್ದಾರೆ. ಶೇ. 74ರಷ್ಟು ನಡೆದಿದ್ದು ಊರಿನ ಶೇ. 5ಕ್ಕಿಂತ ಕಡಿಮೆ ಬೀದಿ, ಮೂಲೆಗಳಲ್ಲಿ. ಶಿಕಾಗೋದಲ್ಲಿ ಲೆಕ್ಕಕ್ಕೆ 77 ಪ್ರದೇಶಗಳಿವೆ. ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್, ಎಂಗಲ್‌ವುಡ್‌ನಂಥ ಕಡೆ ಮನೆಮನೆಗೂ ಸಾವಿನ ಕಥೆ ಇದೆ. ವಾಯವ್ಯ ಮೂಲೆಯ ಎಡಿಸನ್ ಪಾರ್ಕ್‌ನಲ್ಲಿ ಎಷ್ಟೋ ವರ್ಷ ಒಂದೂ ಕೊಲೆ ಇರುವುದಿಲ್ಲ. ಎರಡೂ ಶಿಕಾಗೋನೇ. ನಿಮ್ಮ ಅಣ್ಣನ ಮಗನಂತೂ ನೇಪರ್‌ವಿಲ್‌ನಲ್ಲಿದ್ದಾನೆ, ಅದು ಶಿಕಾಗೋ ಅಲ್ಲವೇ ಅಲ್ಲ, 45 ಕಿಲೋಮೀಟರ್ ಆಚೆಯ ಬೇರೆ ಊರು. ಅಲ್ಲಿರುವ ನಮ್ಮ ಕನ್ನಡದವರು ಊರಿಗೆ ಫೋನ್ ಮಾಡಿದಾಗ 'ಶಿಕಾಗೋದಲ್ಲಿದ್ದೀವಿ' ಅಂತಾರೆ, ಇಲ್ಲಿ ಅವರಮ್ಮ ಟಿವಿ ನೋಡಿ ಗಾಬರಿಯಾಗುತ್ತಾರೆ.

ಸೇಂಟ್ ಲೂಯಿಸ್‌ನಲ್ಲಿ ಹೀಗೆ ಊರನ್ನು ಎರಡು ಮಾಡುವ ಗೆರೆಗೆ ಒಂದು ಹೆಸರೇ ಇದೆ. ಡೆಲ್ಮಾರ್ ಅಂತ ಪೂರ್ವ ಪಶ್ಚಿಮವಾಗಿ ಹೋಗುವ ರಸ್ತೆ. ಅದರ ಉತ್ತರಕ್ಕೆ ಬಹುತೇಕ ಕಪ್ಪು ಜನ, ಬಡತನ, ಬೀಗ ಹಾಕಿದ ಇಟ್ಟಿಗೆ ಮನೆಗಳು. ದಕ್ಷಿಣಕ್ಕೆ ಮರಗಳ ಸಾಲು, ದೊಡ್ಡ ಮನೆಗಳು. ಇದು ತಾನಾಗೇ ಆಗಿದ್ದಲ್ಲ. ಕಪ್ಪು ಜನರಿಗೆ ಮನೆ ಮಾರಕೂಡದು ಅಂತ ಕ್ರಯಪತ್ರದಲ್ಲೇ ಬರೆಯುತ್ತಿದ್ದ ಕಾಲ ಇತ್ತು. ಅಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡಕೂಡದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿದ ಮೊಕದ್ದಮೆ ಹುಟ್ಟಿದ್ದೇ ಸೇಂಟ್ ಲೂಯಿಸ್‌ನ ಒಂದು ಮನೆಯಿಂದ. ತೀರ್ಪು ಬಂತು, ಗೆರೆ ಹೋಗಲಿಲ್ಲ. 87 ಅಂತ ಒಂದೇ ಸಂಖ್ಯೆ ಬರೆದಾಗ ಆ ಗೆರೆಯ ಎರಡೂ ಕಡೆಯನ್ನು ಕಲಸಿ ಒಂದು ಮಾಡಿದ ಹಾಗಾಯಿತು. ಉತ್ತರದ ತಾಯಂದಿರಿಗೆ 87 ಅನ್ನೋದು ತೀರಾ ಚಿಕ್ಕ ಸಂಖ್ಯೆ. ದಕ್ಷಿಣದವರಿಗೆ ಅದು ಬೇರೆ ಯಾರದೋ ಸಂಖ್ಯೆ.

ಇನ್ನು ನಿಮ್ಮ ಮಗಳು. ನಗು ಬರುವ ವಿಷಯ ಏನು ಗೊತ್ತಾ? ವಾಷಿಂಗ್ಟನ್ ಯೂನಿವರ್ಸಿಟಿಯ ಮುಖ್ಯ ಕ್ಯಾಂಪಸ್ಸಿನ ಬಹುಪಾಲು ಸೇಂಟ್ ಲೂಯಿಸ್ ನಗರದ ಗಡಿಯೊಳಗೇ ಇಲ್ಲ, ಅದು ಕೌಂಟಿಯ ನೆಲ. ಅಂದರೆ ಆ ಪಟ್ಟಿಯ ಅಂಶದಲ್ಲೂ ಅದು ಇಲ್ಲ, ಛೇದದಲ್ಲೂ ಇಲ್ಲ. ಮೆಡಿಕಲ್ ಕ್ಯಾಂಪಸ್ ನಗರದೊಳಗಿದೆ, ಫಾರೆಸ್ಟ್ ಪಾರ್ಕ್ ಅನ್ನೋ ದೊಡ್ಡ ಉದ್ಯಾನದ ಆಚೆ ಬದಿಯಲ್ಲಿ. ಅವಳ ಕ್ಲಾಸು ಯಾವ ಕ್ಯಾಂಪಸ್ಸಿನಲ್ಲಿ, ಮನೆ ಯಾವ ಬೀದಿಯಲ್ಲಿ ಅಂತ ಕೇಳಿಕೊಳ್ಳಿ. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈಗ ಅಲ್ಲಿ ಓದುತ್ತಿರುವ ಭಾರತದ ಹುಡುಗಿಯರ ಹತ್ತಿರ ಮಾತಾಡಿದರೆ ಯಾವ ಪಟ್ಟಿಗಿಂತಲೂ ಚೆನ್ನಾಗಿ ಹೇಳುತ್ತಾರೆ. ರಾತ್ರಿ ಲ್ಯಾಬಿನಿಂದ ಮನೆಗೆ ಹೇಗೆ ಬರುತ್ತೀರಿ ಅಂತ ಕೇಳಲಿ. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಅಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಬಹುಪಾಲು ಯುವಕರು, ಒಂದಷ್ಟು ಬೀದಿಗಳವರು, ತುಂಬಾ ಸಲ ಕೊಂದವನ ಪರಿಚಯ ಇದ್ದವರು. ಓದಲು ಹೋದ ಹುಡುಗಿಗೆ ಎದುರಾಗುವ ತೊಂದರೆ ಸಾಮಾನ್ಯವಾಗಿ ಬೇರೆ: ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಹೋಗುವುದು, ಬಾಗಿಲಲ್ಲಿಟ್ಟ ಪಾರ್ಸೆಲ್ ಹೋಗುವುದು, ಕಾರೇ ಹೋಗುವುದು. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುವುದಾದರೆ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಹಳೆಯ ಕಿಯಾ, ಹ್ಯುಂಡೈ ಬಗ್ಗೆ ಹುಷಾರು ಅನ್ನಿ. ಅಮೆರಿಕದಲ್ಲಿ ಮಾರಿದ ಅಂಥ ಎಷ್ಟೋ ಕಾರುಗಳಲ್ಲಿ ಇಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಶುರುವಾಗದ ಹಾಗೆ ತಡೆಯುವ ಸಾಧನ) ಇರಲಿಲ್ಲ, 2022ರ ಹೊತ್ತಿಗೆ ಕದಿಯುವ ವಿಧಾನ ವಿಡಿಯೋಗಳಲ್ಲಿ ಹರಿದಾಡಿ ಊರೂರಿನಲ್ಲಿ ಕಳ್ಳತನ ಹಬ್ಬಿತು, ಸೇಂಟ್ ಲೂಯಿಸ್ ನಗರ ಆ ಕಂಪನಿಗಳ ಮೇಲೆ ಕೇಸೇ ಹಾಕಿತು.

ಕಾರು ಅಂದಾಗ ನೆನಪಾಯಿತು. ಅಮೆರಿಕದಲ್ಲಿ ವರ್ಷಕ್ಕೆ ರಸ್ತೆ ಅಪಘಾತದಲ್ಲಿ ಸಾಯುವವರು 40 ಸಾವಿರದ ಹತ್ತಿರ. 2024ರ ಕೊಲೆಗಳು 17 ಸಾವಿರದ ಹತ್ತಿರ. ಮತ್ತೆ ರಸ್ತೆ ಅಪಘಾತಕ್ಕೆ ಡೆಲ್ಮಾರ್ ಗೆರೆಯ ಹಂಗಿಲ್ಲ. ಮಗಳಿಗೆ ಡ್ರೈವಿಂಗ್ ಬರುತ್ತದಾ? ಬಂದರೂ ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಜನವರಿಯಲ್ಲಿ ರಸ್ತೆ ಮೇಲೆ ಮಂಜು ಗಟ್ಟಿಯಾಗಿ ಜಾರುತ್ತದೆ. ಹೋದ ಮೊದಲ ಚಳಿಗಾಲ ಕಾರು ಬೇಡ, ಮೆಟ್ರೊಲಿಂಕ್ ರೈಲಿನಲ್ಲಿ ಕ್ಯಾಂಪಸ್ಸಿಗೆ ಹೋಗಿ ಬರಲಿ. ಕ್ಯಾಂಪಸ್ಸಿನ ಪಕ್ಕದಲ್ಲೇ ನಿಲ್ದಾಣ ಇದೆ.